ಹಿಡಿ ಜೋಳದ ಲೆಕ್ಕ: ದೇವರನ್ನು ನಂಬುವವರು ಹೆಚ್ಚು ಕೊಡುತ್ತಾರಾ?

ಹೋಳಿ ಹುಣ್ಣಿಮೆಯಾಗಿ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುತ್ತಾರೆ. ಅಷ್ಟೊತ್ತಿಗೆ ಬಿಸಿಲು ನೆತ್ತಿ ಸುಡುವ ಹಾಗಿರುತ್ತದೆ. ಜಾತ್ರೆಗೆ ಬಂದವರಿಗೆ ದಾಸೋಹದಲ್ಲಿ ಊಟ, ದಾರಿಯಲ್ಲಿ ಅರವಟ್ಟಿಗೆಯ ನೀರು, ಮಜ್ಜಿಗೆ. ಅದೇ ಊರಿನಲ್ಲಿ ಹಿಜರಿ ಪಂಚಾಂಗದ ಜಿಲ್ಕಾದ ತಿಂಗಳು ಬಂತೆಂದರೆ ಖ್ವಾಜಾ ಬಂದೇನವಾಜರ ಉರುಸು, ಅಲ್ಲಿಯೂ ಬಂದವರ ಹೊಟ್ಟೆ ತುಂಬಿಸುವ ಏರ್ಪಾಡು. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋದರೆ ಜಾತ್ರೆ, ಉರುಸು ಯಾವುದಕ್ಕೂ ಕಾಯಬೇಕಿಲ್ಲ. ಯಾವ ದಿನ ಹೋದರೂ ಲಂಗರಿನ ಪಂಗತಿಯಲ್ಲಿ ನೆಲದ ಮೇಲೆ ಕೂತು ಉಣ್ಣಬಹುದು, ನೀವು ಯಾರೆಂದು ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡವರು "ದೇವರ ಭಯ ಇದ್ದವರೇ ಕೊಡೋರು" ಎನ್ನುತ್ತಾರೆ. "ಹುಂಡಿಗೆ ಸಾವಿರ ಹಾಕೋ ಮಂದಿ ಮನೆಗೆಲಸದಾಕಿಗೆ ನೂರು ರೂಪಾಯಿ ಹೆಚ್ಚು ಮಾಡಂಗಿಲ್ಲ" ಎಂದು ಇನ್ನೊಂದು ಕಡೆಯವರು ಅಷ್ಟೇ ಗಟ್ಟಿಯಾಗಿ ಹೇಳುತ್ತಾರೆ. ಎರಡೂ ಮಾತಿನಲ್ಲಿ ಖರೇ ಇದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಂಬಿಕೆಯೊಂದೇ ಮುಷ್ಟಿ ಬಿಚ್ಚಿಸುವುದಿಲ್ಲ. ನಂಬಿಕೆ ತನ್ನ ಜೊತೆಗೆ ಕಟ್ಟಿಕೊಂಡು ಬರುವ ರೂಢಿ ಬಿಚ್ಚಿಸುತ್ತದೆ: ಇಷ್ಟು ಪಾಲು ತೆಗೆದಿಡಬೇಕು, ಇಂಥ ದಿನ ಕೊಡಬೇಕು, ಇಂಥವರು ಮನೆ ಬಾಗಿಲಿಗೆ ಬಂದು ಕೇಳುತ್ತಾರೆ, ಕೊಟ್ಟವರೂ ಉಂಡವರೂ ಒಂದೇ ಸಾಲಿನಲ್ಲಿ ಕೂಡುತ್ತಾರೆ. ಈ ನಾಲ್ಕೂ ಇದ್ದಲ್ಲಿ ನಾಸ್ತಿಕನೂ ಕೊಡುತ್ತಾನೆ. ಇಲ್ಲದಲ್ಲಿ ಮೂರು ಹೊತ್ತು ಪೂಜೆ ಮಾಡುವವನೂ ಮರೆಯುತ್ತಾನೆ.

ಇದು ಬರೀ ನಮ್ಮ ಅನಿಸಿಕೆಯಲ್ಲ. ಮನಃಶಾಸ್ತ್ರದವರು ಐವತ್ತು ವರ್ಷದಿಂದ ಇದನ್ನು ಅಳೆಯುತ್ತಾ ಬಂದಿದ್ದಾರೆ. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಪರೀಕ್ಷೆಗೆ ಒಡ್ಡಿದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಭಾಷಣ ಮಾಡಬೇಕು. ಕೆಲವರ ವಿಷಯ ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆ, ಅಂದರೆ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನ ಕಥೆ. ಅವರು ಹೋಗುವ ದಾರಿಯಲ್ಲೇ ಒಬ್ಬ ಮನುಷ್ಯ ಕೆಮ್ಮುತ್ತಾ ನರಳುತ್ತಾ ಕುಸಿದು ಕೂತಿದ್ದ. ಸಾಕಷ್ಟು ಹೊತ್ತಿದೆ ಎಂದು ಹೇಳಿ ಕಳಿಸಿದವರಲ್ಲಿ ಶೇ 63 ಮಂದಿ ನೆರವಾದರು. ತಡವಾಯಿತು, ಓಡಿ ಎಂದು ಹೇಳಿಸಿಕೊಂಡವರಲ್ಲಿ ಶೇ 10 ಮಾತ್ರ. ಭಾಷಣದ ವಿಷಯ ಯಾವುದು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಕೈಯಲ್ಲಿ ಪುರುಸೊತ್ತು ಇತ್ತೋ ಇಲ್ಲವೋ, ಅದೇ ತೀರ್ಮಾನಿಸಿತು. ನಮ್ಮ ಜಾತ್ರೆ, ಉರುಸು, ರಂಜಾನ್ ಇವು ಮಂದಿಗೆ ಕೊಡುವ ಮೊದಲ ವರ ಈ ಪುರುಸೊತ್ತೇ. ಅಂದು ಅಂಗಡಿ ಮುಚ್ಚಿರುತ್ತದೆ, ಹೊಲದ ಕೆಲಸ ನಿಂತಿರುತ್ತದೆ, ಕಣ್ಣೆತ್ತಿ ಪಕ್ಕದವರನ್ನು ನೋಡಲು ಹೊತ್ತಿರುತ್ತದೆ.

2007ರಲ್ಲಿ ಅಜೀಮ್ ಶರೀಫ್ ಮತ್ತು ಅರಾ ನೊರೆನ್‌ಜಯಾನ್ ಕೆನಡಾದಲ್ಲಿ ಇನ್ನೊಂದು ಪ್ರಯೋಗ ಮಾಡಿದರು. 10 ಡಾಲರ್ ಕೈಗಿತ್ತು, ಗುರುತಿಲ್ಲದ ಒಬ್ಬರಿಗೆ ಎಷ್ಟು ಬೇಕಾದರೂ ಕೊಡಿ, ಕೊಡದೆಯೂ ಇರಬಹುದು ಎಂದರು. ಅದಕ್ಕೂ ಮೊದಲು ಪದಗಳನ್ನು ಜೋಡಿಸಿ ವಾಕ್ಯ ಮಾಡುವ ಆಟವೊಂದರಲ್ಲಿ ಕೆಲವರಿಗೆ ದೇವರು, ಪವಿತ್ರ ಎಂಬಂಥ ಪದಗಳನ್ನು ಸೇರಿಸಿದ್ದರು. ಆ ಪದಗಳಿಲ್ಲದ ಗುಂಪು ಸರಾಸರಿ 1.84 ಡಾಲರ್ ಬಿಟ್ಟುಕೊಟ್ಟರೆ ದೇವರ ಪದ ನೋಡಿದವರು 4.22 ಡಾಲರ್ ಕೊಟ್ಟರು. ಆದರೆ ಎರಡನೇ ಸುತ್ತಿನಲ್ಲಿ ನ್ಯಾಯಾಲಯ, ಪೊಲೀಸ್, ಕರಾರು ಎಂಬ ಲೌಕಿಕ ಪದ ನೋಡಿದವರೂ ಹೆಚ್ಚುಕಡಿಮೆ ಅಷ್ಟೇ ಕೊಟ್ಟರು. ಅಂದರೆ ಮೇಲಿನಿಂದ ನೋಡುತ್ತಿದ್ದಾನೆ ಎಂಬ ಭಾವನೆಗೂ ಊರು ನೋಡುತ್ತಿದೆ ಎಂಬ ಭಾವನೆಗೂ ಬಹಳ ಅಂತರವಿಲ್ಲ. 2015ರಲ್ಲಿ ಬೇರೆ ಸಂಶೋಧಕರು 650 ಜನರ ಮೇಲೆ ಇದನ್ನೇ ಮತ್ತೆ ಮಾಡಿ ನೋಡಿದಾಗ ದೇವರ ಪದದಿಂದ ಪರಿಣಾಮವೇ ಕಾಣಲಿಲ್ಲ. ಹೀಗಾಗಿ "ವಿಜ್ಞಾನವೇ ಸಾಬೀತು ಮಾಡಿದೆ" ಎಂದು ಯಾರಾದರೂ ಈ ಕಡೆಗೋ ಆ ಕಡೆಗೋ ಎಳೆದರೆ ನಂಬಬೇಡಿ.

ಆ ಕಡೆಗೆ ಎಳೆದದ್ದಕ್ಕೂ ಒಂದು ಉದಾಹರಣೆ ಇದೆ. 2015ರಲ್ಲೇ ಆರು ದೇಶಗಳ 1,170 ಮಕ್ಕಳಿಗೆ ಸ್ಟಿಕ್ಕರ್ ಹಂಚಿಕೊಳ್ಳಲು ಹೇಳಿ, ಧಾರ್ಮಿಕ ಮನೆಯ ಮಕ್ಕಳೇ ಕಡಿಮೆ ಕೊಡುತ್ತಾರೆ ಎಂಬ ಅಧ್ಯಯನ ಹೊರಬಂತು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಲೆಕ್ಕ ಹಾಕುವಾಗ ದೇಶಗಳಿಗೆ ಗುರುತಿಗಾಗಿ ಇಟ್ಟ 1, 2, 3 ಎಂಬ ಸಂಖ್ಯೆಗಳನ್ನೇ ಪ್ರಮಾಣವೆಂದು ಎಣಿಸಿಬಿಟ್ಟಿದ್ದರು. ತಪ್ಪನ್ನು ಹಿಡಿದು ಸರಿಪಡಿಸಿದಾಗ ಮುಖ್ಯ ತೀರ್ಮಾನ ನಿಲ್ಲಲಿಲ್ಲ. 2019ರಲ್ಲಿ ಲೇಖನವನ್ನೇ ಹಿಂಪಡೆದರು. ಹಿಂಪಡೆದ ಸುದ್ದಿ ಮೊದಲ ಸುದ್ದಿಯಷ್ಟು ದೂರ ಹೋಗಲಿಲ್ಲ.

ಈಗ ಹೆಚ್ಚು ನಂಬಬಹುದಾದದ್ದು 2024ರಲ್ಲಿ ಬಂದ ಒಂದು ಒಟ್ಟು ಲೆಕ್ಕ. ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರೆ ಧಾರ್ಮಿಕತೆಗೂ ಪರೋಪಕಾರಕ್ಕೂ ನಂಟು ಇದೆ, ಆದರೆ ಸಣ್ಣದು. ಮಂದಿ ತಮ್ಮ ಬಗ್ಗೆ ತಾವೇ ಹೇಳಿಕೊಂಡಾಗ ಅದು ಹೆಚ್ಚು ಕಾಣುತ್ತದೆ. ನಿಜವಾಗಿ ಏನು ಮಾಡಿದರು ಎಂದು ಅಳೆದಾಗ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಅದೇನು ಸುಳ್ಳು ಹೇಳುತ್ತಾರೆ ಎಂದಲ್ಲ. ಕೊಡುವುದು ತನ್ನ ಧರ್ಮ ಎಂದು ತಿಳಿದವನು ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುತ್ತಾನೆ, ಕೊಡದೆ ದಾಟಿ ಹೋದದ್ದು ಮರೆತುಹೋಗುತ್ತದೆ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಜಾರುವ ಇನ್ನೊಂದು ವಿಷಯವೆಂದರೆ ದಾನ ಅಂದರೆ ಯಾವುದನ್ನು ಎಣಿಸುತ್ತೀರಿ ಎಂಬುದು. ಅಶೋಕ ವಿಶ್ವವಿದ್ಯಾಲಯದ ಕೇಂದ್ರವೊಂದು 2020–21ಕ್ಕೆ ಮಾಡಿದ ಸಮೀಕ್ಷೆಯ ಪ್ರಕಾರ ಭಾರತದ ಮನೆಗಳು ಆ ವರ್ಷ ಕೊಟ್ಟದ್ದು ಸುಮಾರು 23.7 ಸಾವಿರ ಕೋಟಿ ರೂಪಾಯಿ. ಅದರಲ್ಲಿ ಅತಿ ದೊಡ್ಡ ಪಾಲು ಧಾರ್ಮಿಕ ಸಂಸ್ಥೆಗಳಿಗೆ. ಗೋಪುರಕ್ಕೆ ಚಿನ್ನದ ಕಳಸ ಏರಿಸಿದ್ದೂ ದಾನ, ಅದೇ ಗುಡಿಯ ಒಲೆಗೆ ಹತ್ತು ಚೀಲ ತೊಗರಿಬೇಳೆ ಇಳಿಸಿದ್ದೂ ದಾನ. ಮೊದಲನೆಯದನ್ನು ತೆಗೆದುಹಾಕಿ ಎಣಿಸಿದರೆ ಆಸ್ತಿಕ ನಾಸ್ತಿಕರ ನಡುವಿನ ಅಂತರ ಬಹಳಷ್ಟು ಕುಗ್ಗುತ್ತದೆ. ಎರಡನೆಯದನ್ನೂ ತೆಗೆದುಹಾಕಿದರೆ ಲೆಕ್ಕ ಮಾಡಿದವರದೇ ಅನ್ಯಾಯ. ಆ ಬೇಳೆ ಹಸಿದವರ ಹೊಟ್ಟೆಗೇ ಹೋಗಿರುತ್ತದೆ.

ರೂಢಿಯ ಮಾತಿಗೆ ಬರೋಣ. ಕಲಬುರಗಿ, ಬೀದರ, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಕೊಡುವ ರೂಢಿಯ ಎಷ್ಟು ಬಗೆ ಇವೆಯೆಂದರೆ ಒಂದೊಂದೂ ಒಂದೊಂದು ತೊಡಕನ್ನು ಬಿಡಿಸಲು ಹುಟ್ಟಿಕೊಂಡಂತಿದೆ.

ಎಷ್ಟು ಕೊಡಬೇಕು ಎಂಬ ತೊಡಕನ್ನು ಬಿಡಿಸಿದ್ದು ಜಕಾತ್. ಇದು ಮನಸ್ಸು ಬಂದಾಗ ಕೊಡುವುದಲ್ಲ, ಕೊಡಲೇಬೇಕಾದ ಲೆಕ್ಕ. ಏಳೂವರೆ ತೊಲ ಬಂಗಾರ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ, ಗ್ರಾಮಿನಲ್ಲಿ ಹೇಳಿದರೆ ಸುಮಾರು 87.5 ಅಥವಾ 612ರ, ಬೆಲೆಯಷ್ಟು ಉಳಿತಾಯ ಒಂದು ಚಾಂದ್ರ ವರ್ಷ ಕೈಯಲ್ಲಿ ನಿಂತರೆ ಅದರ ಶೇ 2.5 ಕೊಡಬೇಕು. ಒಬ್ಬ ಬಟ್ಟೆ ಅಂಗಡಿಯವರ ಲೆಕ್ಕ ಹೀಗಿರುತ್ತದೆ: ಬ್ಯಾಂಕಿನಲ್ಲಿ 1,50,000, ಮಾರಾಟದ ಮಾಲು ಇಂದಿನ ಬೆಲೆಯಲ್ಲಿ 2,00,000, ವಾಪಸು ಬರುವ ಕೈಗಡ 20,000. ಇದರಿಂದ ತೀರಿಸಬೇಕಾದ ಸಾಲ 70,000 ಕಳೆದರೆ ಉಳಿದದ್ದು 3,00,000. ಜಕಾತ್ 7,500 ರೂಪಾಯಿ. ವಾಸದ ಮನೆ, ಓಡಾಡುವ ಗಾಡಿ, ಅಂಗಡಿಯ ಕಪಾಟು ಲೆಕ್ಕಕ್ಕಿಲ್ಲ. ತಪ್ಪು ಆಗುವುದು ಮೂರು ಕಡೆ. ಮಾಲನ್ನು ಕೊಂಡ ಬೆಲೆಗೆ ಹಿಡಿಯುತ್ತಾರೆ. ಚಾಂದ್ರ ವರ್ಷ ಸುಮಾರು 354 ದಿನದ್ದು ಎಂಬುದನ್ನು ಮರೆತು ಮಾರ್ಚ್ ಕೊನೆಯ ಜಮಾಖರ್ಚಿನಿಂದ ಲೆಕ್ಕ ಹಾಕುತ್ತಾರೆ. ಇನ್ನು ಮೂರನೆಯದೇ ದೊಡ್ಡದು: ಇಡೀ ಮೊತ್ತವನ್ನು ರಂಜಾನಿನ ಕೊನೆಯ ವಾರ ಬಾಗಿಲಿಗೆ ಸಾಲು ನಿಂತವರಿಗೆ ಹತ್ತು ಇಪ್ಪತ್ತು ರೂಪಾಯಿಯಂತೆ ಹಂಚಿ ಮುಗಿಸುತ್ತಾರೆ. 7,500 ರೂಪಾಯಿಯಲ್ಲಿ ಒಬ್ಬ ವಿಧವೆಗೆ ಒಂದು ಹೊಲಿಗೆ ಯಂತ್ರ ಬರುತ್ತದೆ. ತೆಗೆದುಕೊಂಡವರು ಮುಂದಿನ ವರ್ಷ ಕೇಳಲು ಬರಬಾರದು ಎಂಬ ಹಾಗೆ ಕೊಡುವುದು ಜಕಾತಿನ ಹಳೆಯ ಆಶಯ, ಅದಕ್ಕೆ ತಕ್ಕ ದಾರಿ ಇದು.

ಮಳೆಯ ಬೆಳೆಗೆ ಹತ್ತನೇ ಒಂದು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತನೇ ಒಂದು ಎಂಬ ಉಶ್ರ್ ಲೆಕ್ಕವೂ ಉಂಟು. ಖರ್ಚು ಹೆಚ್ಚು ಬಿದ್ದಲ್ಲಿ ಪಾಲು ಅರ್ಧ. ತೊಗರಿ ಬೆಳೆಯುವ ನಮ್ಮ ಖುಷ್ಕಿ ರೈತರಿಗೆ ಇದರ ನ್ಯಾಯ ಬಿಡಿಸಿ ಹೇಳಬೇಕಾಗಿಲ್ಲ. ಸಿಖ್ಖರ ದಸವಂಧ್, ಚರ್ಚಿನ ದಶಮಾಂಶ ಎರಡೂ ಹತ್ತನೇ ಒಂದು ಪಾಲೇ. ಪಾಲು ಮೊದಲೇ ಗೊತ್ತಿದ್ದರೆ ಪ್ರತಿ ಸಲ ಮನಸ್ಸಿನ ಜೊತೆ ಜಗಳವಾಡುವ ಪ್ರಮೇಯ ಬರುವುದಿಲ್ಲ.

ಕೊಡುವವನ ತಲೆಗೇರುವ ಅಹಂಕಾರದ ತೊಡಕನ್ನು ಹಿಡಿದದ್ದು ದಾಸೋಹ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದಾನ ಎಂಬ ಮಾತನ್ನು ಪಕ್ಕಕ್ಕಿಟ್ಟು ದಾಸೋಹ ಎಂದರು. ಕೊಡುವವನು ದಾಸ, ಉಣ್ಣುವವನು ಒಡೆಯ. ಅದೂ ತನ್ನ ಕಾಯಕದ ಗಳಿಕೆಯಿಂದಲೇ ಆಗಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಬಂದಲ್ಲಿಗೇ ಸುರಿದು ಬಾ ಎಂದು ವಾಪಸು ಕಳಿಸಿದ ಕಥೆ ಬಸವಕಲ್ಯಾಣದ ಕಡೆ ಮಕ್ಕಳಿಗೂ ಗೊತ್ತು. ದಾಸೋಹಕ್ಕೆ ಹೆಚ್ಚು ಬೇಕಲ್ಲ ಎಂಬ ನೆವದಲ್ಲಿ ಆಸೆ ಒಳಗೆ ಬರುತ್ತದೆ ಎಂದು ಆಕೆಗೆ ಕಂಡಿತ್ತು.

ಗಾಣಗಾಪುರದ ಮಧುಕರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಧ್ಯಾಹ್ನದ ಹೊತ್ತು ದತ್ತಾತ್ರೇಯ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಯಾತ್ರೆಗೆ ಬಂದವರು ಐದು ಮನೆ ಭಿಕ್ಷೆ ಬೇಡಬೇಕು. ಕಾರಿನಲ್ಲಿ ಬಂದವರೂ ಜೋಳಿಗೆ ಹಿಡಿಯುತ್ತಾರೆ. ಬೇಡುವ ಕೈ ಎಷ್ಟು ಭಾರ ಎಂದು ಒಂದು ಸಲವಾದರೂ ತಿಳಿದವರಿಗೆ ಕೊಡುವಾಗ ಮುಖ ಗಂಟಿಕ್ಕಲು ಮನಸ್ಸು ಬರುವುದಿಲ್ಲ.

ಈ ರೂಢಿಗಳ ಬಲ ಎಲ್ಲಿದೆ ಎಂಬುದಕ್ಕೆ ಮಾರಿಷಸ್‌ನಿಂದ ಒಂದು ಪುರಾವೆ ಇದೆ. ಅಲ್ಲಿನ ತಮಿಳರ ಕಾವಡಿ ಹಬ್ಬದಲ್ಲಿ ಮೈಗೆ ಸೂಜಿ ಚುಚ್ಚಿಕೊಂಡು ಬೆಟ್ಟ ಹತ್ತುತ್ತಾರೆ. ಸಂಶೋಧಕರು ಆ ಜನರಿಗೆ 200 ರೂಪಾಯಿ ಕೊಟ್ಟು, ಗುಡಿಗೆ ಎಷ್ಟಾದರೂ ಗುಟ್ಟಾಗಿ ಹಾಕಿ ಎಂದರು. ಬರೀ ಪ್ರಾರ್ಥನೆಯಲ್ಲಿ ಕೂತವರು ಸರಾಸರಿ 80ರಷ್ಟು ಹಾಕಿದರು. ಕಾವಡಿ ಹೊತ್ತವರು 130ರಷ್ಟು. ಹೊತ್ತವರ ಜೊತೆ ನಡೆದು ನೋಡಿದವರು 160ರಷ್ಟು! ನಂಬಿಕೆ ಮೂವರಿಗೂ ಒಂದೇ. ಬೇರೆಯಾದದ್ದು ಆ ದಿನ ಜನರ ನಡುವೆ ಏನನ್ನು ಅನುಭವಿಸಿದರು ಎಂಬುದು. ಮೊರಾಕ್ಕೋದ ಮರಕೇಶ್ ಪೇಟೆಯಲ್ಲಿ ಬಾಂಗಿನ ಸದ್ದು ಕಿವಿಗೆ ಬೀಳುವಾಗ ಅಂಗಡಿಯವರು ಹೆಚ್ಚು ಕೊಡುತ್ತಾರೆ, ನಿಂತ ಮೇಲೆ ಕಡಿಮೆ. ಅಮೆರಿಕದಲ್ಲಿ ಚರ್ಚಿಗೆ ಹೋಗುವವರು ಸಹಾಯದ ಕರೆಗೆ ಭಾನುವಾರ ಹೆಚ್ಚು ಓಗೊಡುತ್ತಾರೆ, ಉಳಿದ ದಿನ ಎಲ್ಲರಂತೆಯೇ ಇರುತ್ತಾರೆ. ಅಲ್ಲಿಯೇ ರಾಬರ್ಟ್ ಪಟ್ನಮ್ ಮತ್ತು ಡೇವಿಡ್ ಕ್ಯಾಂಪ್‌ಬೆಲ್ ದೊಡ್ಡ ಸಮೀಕ್ಷೆ ನಡೆಸಿ, ಯಾವ ಸಿದ್ಧಾಂತ ನಂಬುತ್ತಾರೆ ಎಂಬುದಕ್ಕಿಂತ ಚರ್ಚಿನಲ್ಲಿ ಎಷ್ಟು ಗೆಳೆಯರಿದ್ದಾರೆ ಎಂಬುದೇ ಕೊಡುವಿಕೆಯನ್ನು ಚೆನ್ನಾಗಿ ಹೇಳುತ್ತದೆ ಎಂದು 2010ರಲ್ಲಿ ಬರೆದರು.

ಕಲಬುರಗಿಯಲ್ಲಿ ಇದಕ್ಕೆ ಕಣ್ಣೆದುರಿನ ಸಾಕ್ಷಿ ಏಪ್ರಿಲ್ 14. ಅಂದು ಅಂಬೇಡ್ಕರ್ ಜಯಂತಿಗೆ ನೋಟ್‌ಬುಕ್, ಮಜ್ಜಿಗೆ ಹಂಚುವ ಯುವಕರಲ್ಲಿ ಸೃಷ್ಟಿಕರ್ತ ದೇವರನ್ನು ಒಪ್ಪದವರು ಬಹಳ. ಬೌದ್ಧ ಧರ್ಮವೇ ಅಂಥ ದೇವರಿಲ್ಲದೆ ದಾನವನ್ನು ಮೊದಲ ಪಾರಮಿತೆಯಾಗಿ, ಅಂದರೆ ಸಾಧಿಸಬೇಕಾದ ಮೊದಲ ಗುಣವಾಗಿ ಇಟ್ಟಿದೆ. ದಿನ ಗೊತ್ತಿದೆ, ಕೇಳುವವರಿದ್ದಾರೆ, ಕೂಡುವ ಜಾಗವಿದೆ. ಕೊಡುವುದು ತಾನಾಗಿ ನಡೆಯುತ್ತದೆ.

ದಿನದ ಬಲವೇ ಅದರ ದೌರ್ಬಲ್ಯವೂ ಹೌದು. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ರಕ್ತದಾನದಲ್ಲಿ. ಜಯಂತಿಗೆ, ಜಾತ್ರೆಗೆ, ಸ್ವಾಮಿಗಳ ಹುಟ್ಟುಹಬ್ಬಕ್ಕೆ ಒಂದೇ ದಿನ ಇನ್ನೂರು ಮುನ್ನೂರು ಜನ ರಕ್ತ ಕೊಡುತ್ತಾರೆ. ಮನಸ್ಸು ದೊಡ್ಡದೇ. ಆದರೆ ಕೆಂಪು ಕಣಗಳ ಚೀಲ ತಂಪು ಪೆಟ್ಟಿಗೆಯಲ್ಲಿ 35ರಿಂದ 42 ದಿನ ನಿಲ್ಲುತ್ತದೆ, ಪ್ಲೇಟ್‌ಲೆಟ್ ಐದೇ ದಿನ. ಒಂದೇ ಗುಂಪಿನ ರಕ್ತ ರಾಶಿ ಬಿದ್ದರೆ ಅವಧಿ ಮೀರಿ ಚೆಲ್ಲಬೇಕಾಗುತ್ತದೆ. ಅಂದು ಕೊಟ್ಟ ಗಂಡಸರು ಮುಂದಿನ 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವ ಹಾಗಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ, ಕಾಲೇಜುಗಳಿಗೆ ರಜೆ ಇರುವಾಗ, ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕಾದ ಥಲಸ್ಸೇಮಿಯಾ ಮಗುವಿನ ತಂದೆ ತಾಯಿ ವಾಟ್ಸಾಪ್ ಗುಂಪುಗಳಲ್ಲಿ ಕೈಮುಗಿದು ಕೇಳುತ್ತಿರುತ್ತಾರೆ.

ಪರಿಹಾರ ಕಷ್ಟದ್ದಲ್ಲ. ಜಾತ್ರೆಯ ದಿನ ರಕ್ತ ತೆಗೆದುಕೊಳ್ಳಬೇಡಿ, ಹೆಸರು ತೆಗೆದುಕೊಳ್ಳಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆ ಇಲ್ಲದವರು. 120 ಜನ ಗಂಡಸರ ಪಟ್ಟಿಯಾದರೆ 13 ವಾರಕ್ಕೆ ಹಂಚಿ, ವಾರಕ್ಕೆ ಒಂಬತ್ತು ಹತ್ತು ಜನ. ಹದಿಮೂರು ವಾರವೆಂದರೆ 91 ದಿನ, ಮೊದಲನೆಯವರ ಸರದಿ ಮತ್ತೆ ಬರುವಷ್ಟರಲ್ಲಿ ಅಂತರ ಸರಿಹೋಗಿರುತ್ತದೆ. ಹೆಂಗಸರ ಪಟ್ಟಿ ಬೇರೆಯಾಗಿ 18 ವಾರದ ಸುತ್ತಿನಲ್ಲಿರಲಿ. ರಂಜಾನಿನಲ್ಲಿ ಉಪವಾಸ ಇರುವವರ ವಾರಗಳನ್ನು ಶ್ರಾವಣ ಮಾಡುವವರು ತುಂಬಲಿ, ಶ್ರಾವಣದ ಸೋಮವಾರಗಳನ್ನು ರಂಜಾನ್ ಮಾಡುವವರು ತುಂಬಲಿ. ಹೊಟ್ಟೆ ಖಾಲಿ ಇದ್ದವರಿಂದ ರಕ್ತ ತೆಗೆದರೆ ತಲೆ ಸುತ್ತಿ ಬೀಳುತ್ತಾರೆ, ಮುಂದಿನ ಸಲ ಬರುವುದಿಲ್ಲ.

ಅನ್ನದ ವಿಷಯದಲ್ಲಿಯೂ ಒಳ್ಳೆಯ ಮನಸ್ಸು ಕೆಡುವುದು ಲೆಕ್ಕ ತಪ್ಪಿದಾಗ. ಸಾವಿರ ಜನಕ್ಕೆ ಅಕ್ಕಿ ಒಂದು ಕ್ವಿಂಟಲ್, ತೊಗರಿಬೇಳೆ 30 ಕೆಜಿ, ಗೋಧಿ ಹುಗ್ಗಿ ಮಾಡುವುದಾದರೆ ಕುಟ್ಟಿದ ಗೋಧಿ 50 ಕೆಜಿ, ಬೆಲ್ಲವೂ ಅಷ್ಟೇ. ಕುಡಿಯಲು, ಕೈ ತೊಳೆಯಲು ತಲೆಗೆ ಎರಡು ಲೀಟರಿನಂತೆ 2,000 ಲೀಟರ್ ನೀರು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಅಕ್ಕಿಯನ್ನು ಒಂದೇ ಕೊಪ್ಪರಿಗೆಗೆ ಸುರಿಯದೆ 25 ಕೆಜಿಯಂತೆ ನಾಲ್ಕು ಸಲ ಬೇಯಿಸಬೇಕು. ಗುಡ್ಡೆ ಹಾಕಿದ ಅನ್ನದ ನಡುವೆ ಬಿಸಿ ಗಂಟೆಗಟ್ಟಲೆ ಕುದಿಯೂ ಅಲ್ಲದ ತಂಪೂ ಅಲ್ಲದ ಹದದಲ್ಲಿ ನಿಲ್ಲುತ್ತದೆ. ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಜೀವಿಗಳು ಅಲ್ಲಿಯೇ ಬೆಳೆದು ವಾಂತಿ ತರಿಸುತ್ತವೆ. ನಮ್ಮ ಕಡೆಯ ಬಿಸಿಲಿಗೆ, ಒಲೆಯಿಂದ ಇಳಿಸಿದ ಅನ್ನ ನಾಲ್ಕು ಗಂಟೆಯೊಳಗೆ ಎಲೆಗೆ ಬೀಳಲೇಬೇಕು. ಉಳಿದದ್ದನ್ನು ಸಂಜೆ ಆಸ್ಪತ್ರೆಯ ಮುಂದೆ ಹಂಚಿ ಪುಣ್ಯ ಕಟ್ಟಿಕೊಳ್ಳುವ ಯೋಚನೆ ದಯವಿಟ್ಟು ಬಿಡಿ. ಅರವಟ್ಟಿಗೆಗೆ ಗಡಿಗೆ ಸಾಕು. ಬರ್ಫದ ಗಡ್ಡೆ ಕುಡಿಯುವ ನೀರಿನಿಂದಲೇ ಮಾಡಿದ್ದೆಂಬ ಖಾತ್ರಿ ಇರುವುದಿಲ್ಲ. ಗಡಿಗೆಯೊಳಗೆ ಲೋಟ ಅದ್ದದ ಹಾಗೆ ಉದ್ದ ಹಿಡಿಕೆಯ ಸೌಟು ಕಟ್ಟಿ.

ಯಾರಿಗೆ ಕೊಡುತ್ತೇವೆ ಎಂಬ ಪ್ರಶ್ನೆ ಇವೆಲ್ಲಕ್ಕಿಂತ ನೋಯಿಸುವಂಥದ್ದು. ಧರ್ಮ ಕೈಯನ್ನು ದೊಡ್ಡದು ಮಾಡಬಹುದು, ಅದರ ಜೊತೆಗೇ ಸುತ್ತಿನ ಗೆರೆಯನ್ನೂ ಬಿಗಿಯಾಗಿ ಎಳೆಯಬಹುದು. ನಮ್ಮವರು ಎಂದು ಎಣಿಸಿದವರಿಗೆ ಉದಾರವಾಗಿ, ಹೊರಗಿನವರಿಗೆ ಅಳೆದು ಕೊಡುವುದು ಎಲ್ಲ ಧರ್ಮದವರಲ್ಲೂ ಇದೆ. ಒಂದೇ ಕೊಪ್ಪರಿಗೆಯ ಅನ್ನವನ್ನು ಒಬ್ಬರಿಗೆ ಎಲೆ ಹಾಕಿ, ಇನ್ನೊಬ್ಬರಿಗೆ ದೂರದಿಂದ ಬಡಿಸಿದರೆ ಸಾವಿರ ಜನ ಉಂಡರೂ ಅದನ್ನು ದಾಸೋಹ ಎನ್ನಲು ನಾವು ಒಪ್ಪುವುದಿಲ್ಲ. ಇದಕ್ಕೆ ಎದುರಾಗಿ ನಿಲ್ಲುವ ಜಾಗಗಳೂ ನಮ್ಮಲ್ಲೇ ಇವೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಮೊಹರಂ ಹೊತ್ತಿಗೆ ಹಳ್ಳಿಗಳಲ್ಲಿ ಅಲಾಯಿ ಪೀರಲಿಗೆ ಸಕ್ಕರೆ ಓದಿಸುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಒಂದು ದಾಸೋಹ ಹೇಗಿದೆ ಎಂದು ತಿಳಿಯಬೇಕಾದರೆ ಬಡಿಸುವವರು ಯಾರು, ಒಲೆಯ ಮುಂದೆ ಯಾರಿದ್ದಾರೆ ಎಂದು ನೋಡಿ. ಉಣ್ಣುವ ಸಾಲಿನಲ್ಲಿ ಎಲ್ಲರೂ ಇದ್ದು, ಅಡುಗೆಮನೆಯಲ್ಲಿ ಒಂದೇ ಓಣಿಯವರಿದ್ದರೆ ಇನ್ನೂ ಕೆಲಸ ಬಾಕಿ ಇದೆ.

ರಸೀದಿಯ ಬಗ್ಗೆ ಒಂದೇ ಮಾತು. ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ, 80ಜಿ ಎಂದು ಕರೆಯುವ ರಿಯಾಯಿತಿ ಬೇಕೆಂದರೆ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಡಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿಯೇ ಇಲ್ಲ.

ಇನ್ನು ತಲೆಬರಹದ ಹಿಡಿ ಜೋಳ. ರೊಟ್ಟಿಯ ಜೋಳ ಹಸನು ಮಾಡುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವ ರೂಢಿ ನಮ್ಮ ಭಾಗದ ಮನೆಗಳಲ್ಲಿ ಹಳೆಯದು. ಮಠಕ್ಕೋ ಜಂಗಮರಿಗೋ ಬಾಗಿಲಿಗೆ ಬಂದವರಿಗೋ ಅದು ಮುಷ್ಟಿ ಭಿಕ್ಷೆ. ಗಿರಣಿಯ ಹಿಟ್ಟು, ಪೇಟೆಯ ರೊಟ್ಟಿ ಬಂದ ಮೇಲೆ ಎಷ್ಟೋ ಮನೆಯಲ್ಲಿ ಡಬ್ಬಿ ಮಾಯವಾಗಿದೆ. ಅದನ್ನು ಮತ್ತೆ ಇಡಬೇಕು ಎಂಬುದು ನಮ್ಮ ಮನವಿ, ದೇವರ ಹೆಸರಲ್ಲಿ ಇಟ್ಟರೂ ಸರಿ, ಆ ಹೆಸರಿಲ್ಲದೆ ಇಟ್ಟರೂ ಸರಿ.

ಒಂದು ಹಿಡಿ ಜೋಳ ಸುಮಾರು 40 ಗ್ರಾಂ. ದಿನಕ್ಕೊಂದು ಹಿಡಿಯಂತೆ ವರ್ಷಕ್ಕೆ 14.6 ಕೆಜಿ. ಹತ್ತು ಮನೆಯದು 146 ಕೆಜಿ, ಅಂದರೆ ದಿನಕ್ಕೆ 400 ಗ್ರಾಂ, ನಾಲ್ಕೈದು ರೊಟ್ಟಿ. ಒಬ್ಬಂಟಿ ಮುದುಕಿಯ ವರ್ಷದ ರೊಟ್ಟಿ ಹತ್ತು ಮನೆಯ ಹಿಡಿಯಲ್ಲಿದೆ. ಓಣಿಯಲ್ಲಿ ಐವತ್ತು ಮನೆ ಇದ್ದರೆ ಐದು ಜನ ಹಸಿಯದೆ ಇರಬಹುದು.

ಡಬ್ಬಿ ಎರಡು ಕೆಜಿ ಹಿಡಿಯುವಷ್ಟಿರಲಿ. ದೊಡ್ಡದಾದರೆ ತುಂಬುವವರೆಗೆ ಯಾರೂ ಕೊಡುವುದಿಲ್ಲ, ಅಷ್ಟರಲ್ಲಿ ನುಸಿ ಬೀಳುತ್ತದೆ. ಅದು ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ, ಕೈಗೆ ಸಿಗುವಲ್ಲಿ ಇರಬೇಕು. ದೇವರ ಕೋಣೆಯಲ್ಲಿಟ್ಟರೆ ಹಬ್ಬಕ್ಕಷ್ಟೇ ನೆನಪಾಗುತ್ತದೆ. ಒಣ ಬೇವಿನ ಎಲೆ ನಾಲ್ಕು ಹಾಕಿ. ಜೋಳ, ಅಕ್ಕಿ, ಬೇಳೆ ಬೆರೆಸಬೇಡಿ, ಬೆರೆತರೆ ಆರಿಸುವ ಕೆಲಸ ಆ ಮುದುಕಿಯ ಪಾಲಿಗೆ ಬೀಳುತ್ತದೆ, ಆಕೆಗೆ ಕಣ್ಣು ಕಾಣುವುದಿಲ್ಲ. ಪ್ರತಿ ಅಮಾವಾಸ್ಯೆಯ ಮರುದಿನ ಇಬ್ಬರು ಬಂದು ಮನೆಯವರ ಎದುರಿಗೇ ತೂಗಿ ಒಯ್ಯಲಿ. ಒಬ್ಬರೇ ಬಂದರೆ ಸಂಶಯ ಹುಟ್ಟುತ್ತದೆ. ವಹಿಯಲ್ಲಿ ಒಟ್ಟು ತೂಕ ಮಾತ್ರ ಬರೆಯಿರಿ, ಮನೆಯ ಹೆಸರು ಬೇಡ. ಹೆಸರು ಬರೆದ ಕೂಡಲೇ ಪೈಪೋಟಿ ಶುರುವಾಗಿ, ಕೈಲಾಗದವರು ನಾಚಿಕೆಯಿಂದ ಬಿಟ್ಟುಬಿಡುತ್ತಾರೆ. ಒಂದು ತಿಂಗಳು ಖಾಲಿ ಡಬ್ಬಿ ಕೊಟ್ಟ ಮನೆಯನ್ನು ಏಕೆಂದು ಕೇಳಬೇಡಿ, ಮುಂದಿನ ತಿಂಗಳು ಆ ಮನೆಗೆ ಕೊಡಬೇಕಾದೀತು. ಮಳೆಗಾಲದಲ್ಲಿ ಒಟ್ಟಾದ ಜೋಳವನ್ನು ಒಂದು ದಿನ ಬಿಸಿಲಿಗೆ ಹರವಿ, ಪೂರ್ತಿ ತಣ್ಣಗಾದ ಮೇಲೆ ಚೀಲಕ್ಕೆ ತುಂಬಬೇಕು. ಬಿಸಿ ಇದ್ದಾಗಲೇ ಕಟ್ಟಿದರೆ ಒಳಗೆ ಬೆವರಿ ಮುಗ್ಗುತ್ತದೆ.

ಬೀಸಿಸಿ ಹಿಟ್ಟು ಕೊಡಬೇಡಿ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿ ಅಂಚಿನಿಂದ ಹರಿಯುತ್ತದೆ. ತಿಂಗಳಿಗೆ 12 ಕೆಜಿ ಕಾಳನ್ನೇ ಕೊಟ್ಟು, ಬೀಸುವ ಕೂಲಿಯನ್ನು ಗಿರಣಿಯವರಿಗೆ ಮೊದಲೇ ಮುಟ್ಟಿಸಿರಿ. ವಾರಕ್ಕೊಮ್ಮೆ ಮೂರು ಕೆಜಿ ಬೀಸಿಸಿಕೊಂಡು ಹೋಗುವಾಗ ಆಕೆ ಎಲ್ಲರ ಹಾಗೆ ಸರದಿಯಲ್ಲಿ ನಿಂತಿರುತ್ತಾಳೆ, ಆಕೆಯ ಪುಟ್ಟಿಯಲ್ಲಿರುವುದು ಯಾರ ಮನೆಯ ಜೋಳ ಎಂದು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.